ರಾಶಿ ಬಿದ್ದ ಪಿಆರ್‌ಗಳು: ನಿಮ್ಮ ಪ್ರಾಜೆಕ್ಟ್‌ಗೆ ಯಾವ ದಾರಿ ಸರಿ?

ಮೈಸೂರು, ಮಂಡ್ಯದ ಕಡೆ ಓಪನ್ ಸೋರ್ಸ್ ಪ್ರಾಜೆಕ್ಟ್ (ಯಾರು ಬೇಕಾದರೂ ಕೋಡ್ ನೋಡಿ ಬಳಸಬಹುದಾದ ಸಾಫ್ಟ್‌ವೇರ್) ನಡೆಸುತ್ತಿರುವ ಕೆಲವರು ಈಚೆಗೆ ಒಂದೇ ಥರದ ಪ್ರಶ್ನೆ ಕೇಳುತ್ತಿದ್ದಾರೆ. "ಪಿಆರ್‌ಗಳು ರಾಶಿ ಬೀಳ್ತಿವೆ, ನೋಡೋಕೆ ಇರೋದು ನಾನೊಬ್ಬನೇ. ಹೊರಗಿನವರಿಗೆ ಬಾಗಿಲು ಹಾಕ್ಬಿಡ್ಲಾ? ಬಾಟ್ ಇಡ್ಲಾ? ಇಲ್ಲ ಇನ್ಯಾರಿಗಾದ್ರೂ ಮರ್ಜ್ ಹಕ್ಕು ಕೊಡ್ಲಾ?" ಪಿಆರ್ ಅಂದರೆ ಪುಲ್ ರಿಕ್ವೆಸ್ಟ್, ನಾನು ಮಾಡಿದ ಈ ಬದಲಾವಣೆಯನ್ನು ನಿಮ್ಮ ಕೋಡ್‌ಗೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ. ಹಾಗೆ ಸೇರಿಸಿಕೊಳ್ಳುವುದೇ ಮರ್ಜ್. ಬಾಟ್ ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ. ಕೇಳಿದವರಲ್ಲಿ ಒಬ್ಬರದು ಕನ್ನಡದ ಕಾಗುಣಿತ ತಿದ್ದುವ ಸಣ್ಣ ಟೂಲ್. ಇನ್ನೊಬ್ಬರು ಹೆಬ್ಬಾಳದ ಕಂಪನಿಯಲ್ಲಿ ಕೆಲಸ ಮುಗಿಸಿ ಬಂದು, ರಾತ್ರಿ ಕೂತು ಒಂದು ಪೈಥಾನ್ ಲೈಬ್ರರಿ ನೋಡಿಕೊಳ್ಳುತ್ತಾರೆ. ಮೂರನೆಯವರು ಮಂಡ್ಯದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಅವರ ವಿದ್ಯಾರ್ಥಿಗಳು ಕಟ್ಟಿದ ಪ್ರಾಜೆಕ್ಟ್‌ಗೆ ಈಗ ಹೊರಗಿನಿಂದಲೂ ಕೋಡ್ ಬರುತ್ತಿದೆ. ಮೂವರ ಕಷ್ಟ ಒಂದೇ, ಆದರೆ ಮೂವರಿಗೂ ಒಂದೇ ದಾರಿ ಹೊಂದುವುದಿಲ್ಲ.

ಈ ರಾಶಿ ಇವತ್ತಿನದೇನಲ್ಲ. 2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಅನ್ನುವ ಓಪನ್ ಸೋರ್ಸ್ ಅಭಿಯಾನ ನಡೆದಾಗ, ಪಿಆರ್ ಕಳಿಸಿದರೆ ಟೀ ಶರ್ಟ್ ಸಿಗುತ್ತದೆ ಅಂತ ಸಾವಿರಾರು ಜನ ಎಲ್ಲೆಲ್ಲೋ ಒಂದು ಪದ ಸೇರಿಸಿ ಕಳಿಸಿದರು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು. ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ತಾವೇ ಒಪ್ಪಿದ ರೆಪೊಗಳಿಗೆ (ಪ್ರಾಜೆಕ್ಟ್‌ನ ಕೋಡ್ ಇಡುವ ಜಾಗಗಳಿಗೆ) ಮಾತ್ರ ಅದು ಲೆಕ್ಕ ಅಂತಾಯಿತು. 2024ರ ಆರಂಭದಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಎಕ್ಸ್‌ಪ್ರೆಸ್ ಪ್ರಾಜೆಕ್ಟ್‌ನ ರೀಡ್‌ಮಿ ಅನ್ನುವ ಪರಿಚಯದ ಕಡತಕ್ಕೆ ತಮ್ಮ ಹೆಸರು ಸೇರಿಸುವ ಪಿಆರ್‌ಗಳು ಸಾಲುಸಾಲಾಗಿ ಬಂದವು. ಒಂದು ಪಾಠದ ವಿಡಿಯೋದಲ್ಲಿ ಹಾಗೆ ಮಾಡಿ ತೋರಿಸಿದ್ದರು, ನೋಡಿದವರೆಲ್ಲ ಹಾಗೇ ಮಾಡಿದರು. ಕಳಿಸಿದವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೇ ಜಾಸ್ತಿ. ಈಗ ಅದರ ಮೇಲೆ ಎಐ ಬಂದಿದೆ. ನೂರು ಸಾಲು ಕೋಡ್ ಬರೆಯಲು ಎರಡು ನಿಮಿಷ ಸಾಕು. ಅದನ್ನು ಓದಿ ಅರ್ಥ ಮಾಡಿಕೊಳ್ಳಲು ಮಾತ್ರ ಮೊದಲಿನಷ್ಟೇ ಹೊತ್ತು ಬೇಕು.

ಹಾಗಾಗಿ ನನ್ನ ಪ್ರಕಾರ ಎಲ್ಲ ನಿಂತಿರುವುದು ಓದುವವರ ಮೇಲೆ. ತಿಂಗಳಿಗೆ ಎಷ್ಟು ಪಿಆರ್ ನಿಜವಾಗಿ ಓದಲು ಆಗುತ್ತದೋ ಅಷ್ಟನ್ನೇ ಒಳಗೆ ಬಿಟ್ಟುಕೊಳ್ಳುವ ವ್ಯವಸ್ಥೆ ಬೇಕು. ಯಾವ ದಾರಿ ಆರಿಸಿದರೂ ಅದು ಈ ಕೆಲಸ ಮಾಡುತ್ತದೆಯೇ ಅಂತ ಮೊದಲು ನೋಡಿ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಓದುವ ಹೊತ್ತು. ಬಿಡುವಿದ್ದಾಗ ನೋಡ್ತೀನಿ ಅನ್ನುವುದು ಲೆಕ್ಕಕ್ಕಿಲ್ಲ. ವಾರಕ್ಕೆ ಎರಡು ಗಂಟೆ ಅಂದರೆ ಎರಡು ಗಂಟೆ ಅಂತಲೇ ಬರೆದುಕೊಳ್ಳಿ. ಇಂಥ ಎರಡು ಗಂಟೆ ಕೊಡಬಲ್ಲವರು ನಿಮ್ಮನ್ನು ಬಿಟ್ಟು ಇನ್ನೆಷ್ಟು ಜನ ಇದ್ದಾರೆ ಅನ್ನುವುದನ್ನೂ ಬರೆದುಕೊಳ್ಳಿ.

ಎರಡನೆಯದು, ತಪ್ಪು ಕೋಡ್ ಒಳಗೆ ಬಂದರೆ ಆಗುವ ಹಾನಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾಗುಣಿತದ ಟೂಲ್ ನಡೆಸುವವರಿಗೆ ಒಂದು ಪಿಆರ್ ಬಂದಿತ್ತು. ತಲೆಬರಹ, "ಕಣ್ಣಿಗೆ ಕಾಣದ ಬೇಡದ ಅಕ್ಷರಗಳನ್ನು ತೆಗೆದಿದ್ದೇನೆ". ವಿವರಣೆ ಚೊಕ್ಕವಾಗಿತ್ತು, ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಪದಪಟ್ಟಿ ತುಂಬ ಬದಲಾವಣೆ. ಆ "ಬೇಡದ ಅಕ್ಷರ" ಯಾವುದು ಗೊತ್ತಾ? ಯೂನಿಕೋಡ್‌ನಲ್ಲಿ ಯು+200ಸಿ, ಅಂದರೆ ಎರಡು ವ್ಯಂಜನ ಸೇರಿ ಒತ್ತಕ್ಷರ ಆಗದ ಹಾಗೆ ನಡುವೆ ಇಡುವ ಗುರುತು. ಅದಿದ್ದರೆ "ರಾಜ್‌ಕುಮಾರ್" ಅಂತ ಮೂಡುತ್ತದೆ, ತೆಗೆದರೆ "ರಾಜ್ಕುಮಾರ್" ಅಂತಾಗುತ್ತದೆ. ಕನ್ನಡ ಓದಲು ಬಾರದವರಿಗೆ ಆ ಪಿಆರ್‌ನಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಬಾಟ್‌ಗೂ ಕಾಣುವುದಿಲ್ಲ. ಕನ್ನಡ ಗೊತ್ತಿರುವ ಮನುಷ್ಯರೇ ಒಂದೊಂದು ಸಾಲು ಓದಬೇಕು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಇಂಥ ಜಾಗಗಳು ಎಷ್ಟಿವೆ?

ಮೂರನೆಯದು, ಹೊಸಬರು ನಿಮಗೆ ಎಷ್ಟು ಬೇಕು ಅನ್ನುವುದು. ದೊಡ್ಡ ಡೇಟಾಬೇಸ್ ಪ್ರಾಜೆಕ್ಟ್‌ಗೆ ಒಬ್ಬ ಹೊಸಬರು ಬೇಜಾರಾಗಿ ಹೋದರೆ ದೊಡ್ಡ ನಷ್ಟವಿಲ್ಲ. ಕನ್ನಡದ ಟೂಲ್‌ಗೆ ಹಾಗಲ್ಲ. ಕೋಡೂ ಬರೆಯಬಲ್ಲ, ಕನ್ನಡವೂ ಚೆನ್ನಾಗಿ ಬಲ್ಲ ಹುಡುಗಿಯೊಬ್ಬಳು ಮೊದಲ ಪಿಆರ್‌ಗೇ ಕೆಟ್ಟ ಅನುಭವ ಆಗಿ ಹೊರಟುಹೋದರೆ, ಅವಳ ಜಾಗಕ್ಕೆ ಬರಲು ಜನ ಕಾದು ನಿಂತಿಲ್ಲ.

ನಾಲ್ಕನೆಯದು ದುಡ್ಡು. ಇದು ನೀವಂದುಕೊಂಡಷ್ಟು ದೊಡ್ಡ ಅಡ್ಡಿಯಲ್ಲ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಪಬ್ಲಿಕ್ ರೆಪೊಗಳಿಗೆ ಸಾಮಾನ್ಯ ಟೆಸ್ಟ್ ಯಂತ್ರಗಳು ಪುಕ್ಕಟೆ. ಬಾಟ್‌ಗಳೂ ಬಹುಪಾಲು ಪುಕ್ಕಟೆ. ಖರ್ಚು ಬರುವುದು ಒಬ್ಬ ಮನುಷ್ಯರಿಗೆ ಸಂಬಳ ಕೊಟ್ಟು ಓದಿಸಬೇಕು ಅಂದಾಗ.

ಹೊರಗಿನವರಿಗೆ ಬಾಗಿಲು ಹಾಕುವುದು

ಇದು ಕೇಳಲು ಕಠಿಣ. ಆದರೆ ಮರ್ಯಾದೆಯ ದಾರಿಯೇ. ನಿಮ್ಮ ಫೋನಿನಲ್ಲೇ ಇರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಬಹಳ ಕಾಲದಿಂದ ಹೀಗೇ ನಡೆದುಕೊಂಡು ಬಂದಿದೆ. ಕೋಡ್ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು. ಅವರ ಮೂಲ ಪ್ರತಿಗೆ ಹೊರಗಿನವರ ಪ್ಯಾಚ್ (ಕೋಡ್‌ನ ತಿದ್ದುಪಡಿ) ಮಾತ್ರ ತೆಗೆದುಕೊಳ್ಳುವುದಿಲ್ಲ. ಕೋಡ್ ಪಬ್ಲಿಕ್ ಡೊಮೇನ್‌ನಲ್ಲಿದೆ, ಯಾರ ಹಕ್ಕುಸ್ವಾಮ್ಯವೂ ಒಳಗೆ ಬೆರೆಯಬಾರದು ಅನ್ನುವುದು ಅವರ ಕಾರಣ. ಅಲ್ಲಿ ಮೂಲ ಕೋಡ್‌ಗಿಂತ ಟೆಸ್ಟ್ ಕೋಡ್ ನೂರಾರು ಪಟ್ಟು ಹೆಚ್ಚು. ಸಣ್ಣ ತಂಡ, ಆದರೆ ದೊಡ್ಡ ಕಂಪನಿಗಳು ದುಡ್ಡು ಕೊಟ್ಟು ನಡೆಸುವ ಒಕ್ಕೂಟದ ಬೆಂಬಲವಿದೆ. ಆ ಬೆಂಬಲ ಇಲ್ಲದೆ ಬಾಗಿಲು ಹಾಕಿದರೆ ಎಲ್ಲ ಕೆಲಸ ನಿಮ್ಮೊಬ್ಬರ ತಲೆ ಮೇಲೇ ಉಳಿಯುತ್ತದೆ. ನೀವು ಸುಸ್ತಾದ ದಿನ ಪ್ರಾಜೆಕ್ಟ್ ನಿಲ್ಲುತ್ತದೆ.

ತಾತ್ಕಾಲಿಕವಾಗಿ ಹಾಕುವುದು ಬೇರೆ ಮಾತು. ಗಿಟ್‌ಹಬ್‌ನಲ್ಲಿ 24 ಗಂಟೆಯಿಂದ 6 ತಿಂಗಳವರೆಗೆ ಹೊಸಬರ ಚಟುವಟಿಕೆ ತಡೆಹಿಡಿಯುವ ಸೌಲಭ್ಯ ಇದೆ. 2026ರ ಆರಂಭದಿಂದ ಪಿಆರ್‌ಗಳನ್ನು ಪೂರ್ತಿ ನಿಲ್ಲಿಸಲು, ಇಲ್ಲವೇ ತಂಡದವರಿಗೆ ಮಾತ್ರ ಬಿಡಲು ಸೆಟ್ಟಿಂಗ್ ಕೂಡ ಬಂದಿದೆ. ಪರೀಕ್ಷೆ, ಮದುವೆ, ಊರಿನ ಹಬ್ಬ, ಕಾಯಿಲೆ ಏನೇ ಇರಲಿ, ಆ ವಾರಗಳಲ್ಲಿ ಇದನ್ನು ಬಳಸಿ. ಸಂಕೋಚ ಬೇಡ.

ಹತ್ತಿರದ ಇನ್ನೊಂದು ಉದಾಹರಣೆ, ಇಂಟರ್ನೆಟ್‌ನಲ್ಲಿ ಡೇಟಾ ಕಳಿಸಲು, ತರಿಸಲು ಬಳಸುವ ಕರ್ಲ್ ಅನ್ನುವ ಟೂಲ್. ಭದ್ರತಾ ದೋಷ ಹುಡುಕಿದವರಿಗೆ ಅವರು 2019ರಿಂದ ಬಹುಮಾನ ಕೊಡುತ್ತಿದ್ದರು. ಎಐಯಿಂದ ಬರೆಸಿದ ಸುಳ್ಳು ವರದಿಗಳು ತುಂಬಿಕೊಂಡು, 2026ರ ಜನವರಿ ಕೊನೆಗೆ ಬಹುಮಾನ ನಿಲ್ಲಿಸಿದರು. ವರದಿ ಕೊಡುವ ದಾರಿ ಮುಚ್ಚಲಿಲ್ಲ, ಕಸ ಕಳಿಸಲು ಇದ್ದ ಆಸೆಯನ್ನು ತೆಗೆದರು. ಪೂರ್ತಿ ಬಾಗಿಲು ಹಾಕುವ ಮೊದಲು ಹೀಗೆ ಯೋಚಿಸಿ: ಜನ ನಿಮ್ಮಲ್ಲಿಗೆ ಸುಮ್ನೆ ಪಿಆರ್ ಕಳಿಸಲು ಯಾವ ಆಸೆ ಕಾರಣ? ಸರ್ಟಿಫಿಕೇಟಾ, ರೀಡ್‌ಮಿಯಲ್ಲಿ ಬರುವ ಹೆಸರಾ? ಅದನ್ನು ತೆಗೆದರೆ ಅರ್ಧ ರಾಶಿ ತಾನೇ ಇಳಿಯಬಹುದು.

ಮೊದಲು ಮಾತು, ಆಮೇಲೆ ಕೋಡ್

ಗೋಸ್ಟಿ ಅನ್ನುವ ಟರ್ಮಿನಲ್ ಪ್ರಾಜೆಕ್ಟ್‌ನಲ್ಲಿ ಬಳಕೆದಾರರು ನೇರವಾಗಿ ಇಶ್ಯೂ (ದೋಷ ಅಥವಾ ಆಗಬೇಕಾದ ಕೆಲಸದ ನಮೂದು) ತೆರೆಯುವುದಿಲ್ಲ. ಮೊದಲು ಚರ್ಚೆಯ ಜಾಗದಲ್ಲಿ ಹೇಳಬೇಕು. ಮೇಂಟೇನರ್‌ಗಳಿಗೆ ಸರಿ ಅನಿಸಿದ ಮೇಲೆ ಅದು ಇಶ್ಯೂ ಆಗುತ್ತದೆ. ಎಐ ಬಳಸಿದ್ದರೆ ಅದನ್ನು ಹೇಳಲೇಬೇಕು ಅನ್ನುವ ನಿಯಮವನ್ನು 2025ರಲ್ಲಿ ತಂದರು. ಜೆಂಟೂ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟ್ 2024ರಲ್ಲಿ ಇನ್ನೂ ಕಟ್ಟುನಿಟ್ಟಾಗಿ, ಎಐ ಬರೆದದ್ದು ಬೇಡವೇ ಬೇಡ ಅಂದಿತು.

ನಮ್ಮಂಥ ಸಣ್ಣ ಪ್ರಾಜೆಕ್ಟ್‌ಗಳಿಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಮೊದಲ ಹೆಜ್ಜೆ ಇದೇ. ಖರ್ಚಿಲ್ಲ. ನೂರು ಸಾಲಿನ ಪಿಆರ್ ಓದಿ ಬೇಡ ಅನ್ನುವುದಕ್ಕಿಂತ ನಾಲ್ಕು ಸಾಲಿನ ಮಾತು ಓದಿ ಬೇಡ ಅನ್ನುವುದು ಎರಡೂ ಕಡೆಯವರಿಗೆ ಒಳ್ಳೆಯದು. ಬರೆದವರ ಒಂದು ಭಾನುವಾರವೂ ಉಳಿಯುತ್ತದೆ. ಎಐ ಪೂರ್ತಿ ನಿಷೇಧ ನಮಗೆ ಬೇಡ ಅಂತ ನನ್ನ ಅಭಿಪ್ರಾಯ. ಇಂಗ್ಲಿಷ್‌ನಲ್ಲಿ ವಿವರಣೆ ಬರೆಯಲು ಹಿಂಜರಿಯುವ ನಮ್ಮ ಹುಡುಗರು ಅದರ ಸಹಾಯ ತೆಗೆದುಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿದೆ? ಚರ್ಚೆಯನ್ನು ಕನ್ನಡದಲ್ಲೇ ಮಾಡಬಹುದು ಅಂತ ಬರೆದುಬಿಡಿ, ಆ ಹಿಂಜರಿಕೆಯೂ ಹೋಗುತ್ತದೆ. ಕಳಿಸಿದವರಿಗೆ ತಮ್ಮ ಕೋಡ್‌ನ ಪ್ರತಿ ಸಾಲೂ ವಿವರಿಸಲು ಬರಬೇಕು, ಅಷ್ಟೇ.

ತೊಂದರೆಯೂ ಇದೆ. ಒಂದು ಅಕ್ಷರದ ತಪ್ಪು ತಿದ್ದಲೂ ಚರ್ಚೆ ಬೇಕು ಅಂದರೆ ಯಾರೂ ತಿದ್ದುವುದಿಲ್ಲ. ಸಣ್ಣ ತಿದ್ದುಪಡಿಗಳಿಗೆ ವಿನಾಯಿತಿ ಕೊಡಿ. ಎಷ್ಟು ಸಾಲಿನವರೆಗೆ "ಸಣ್ಣದು" ಅಂತಲೂ ಬರೆದಿಡಿ.

ಹಂಗಾಮು ಮತ್ತು ಮಿತಿ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು ಪ್ಯಾಚ್‌ಗಳನ್ನು ವರ್ಷಪೂರ್ತಿ ಬಂದ ಹಾಗೆ ನೋಡುತ್ತಾ ಕೂರುವುದಿಲ್ಲ. ವರ್ಷದಲ್ಲಿ ಕೆಲವು ತಿಂಗಳನ್ನು ಕಮಿಟ್‌ಫೆಸ್ಟ್ ಅಂತ ಮೀಸಲಿಡುತ್ತಾರೆ. ಆ ತಿಂಗಳು ಹೊಸ ಕೋಡ್ ಬರೆಯುವುದು ಬಿಟ್ಟು, ಬಂದಿರುವುದನ್ನು ಓದುವುದೇ ಕೆಲಸ. ಓದಿ ಮುಗಿಯದವು ಮುಂದಿನ ಸುತ್ತಿಗೆ ಹೋಗುತ್ತವೆ, ಇಲ್ಲವೇ ವಾಪಸ್. ಇದಕ್ಕಿಂತ ಮುಖ್ಯವಾದ ಪದ್ಧತಿ ಇನ್ನೊಂದಿದೆ. ನೀವೊಂದು ಪ್ಯಾಚ್ ಕಳಿಸಿದರೆ, ಅಷ್ಟೇ ಗಾತ್ರದ ಇನ್ನೊಬ್ಬರ ಪ್ಯಾಚ್ ಓದಿ ಅಭಿಪ್ರಾಯ ಹೇಳಬೇಕು.

ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆಯಲ್ಲಿ ಕಬ್ಬು ಬೆಳೆದು ನಿಂತಿದೆ ಅಂತ ಎಲ್ಲರೂ ಒಂದೇ ದಿನ ಕಡಿದು ಟ್ರಾಕ್ಟರ್ ಕಟ್ಟಿಕೊಂಡು ಹೊರಟರೆ ಕಾರ್ಖಾನೆ ಮುಂದೆ ಗಾಡಿ ನಿಲ್ಲುತ್ತವೆ, ಕಬ್ಬು ಒಣಗಿ ತೂಕ ಇಳಿಯುತ್ತದೆ, ನಷ್ಟ ರೈತನಿಗೇ. ಅದಕ್ಕೇ ದಿನಕ್ಕೆ ಅರೆಯುವಷ್ಟು ಲೆಕ್ಕ ಹಾಕಿ, ಸರದಿ ಮೇಲೆ ಕಡಿಯಲು ಪರ್ಮಿಟ್ ಕೊಡುವುದು. ಪಿಆರ್ ಕೂಡ ಕಾದಷ್ಟೂ ಹಾಳಾಗುತ್ತದೆ. ಸುತ್ತಲಿನ ಕೋಡ್ ಬದಲಾಗಿ ಕಾನ್‌ಫ್ಲಿಕ್ಟ್ ಬರುತ್ತದೆ, ಅಂದರೆ ಎರಡು ಬದಲಾವಣೆ ಒಂದಕ್ಕೊಂದು ಹೊಂದುವುದಿಲ್ಲ, ಬರೆದವರಿಗೆ ಯಾಕೆ ಬರೆದೆ ಅನ್ನುವುದೇ ಮರೆತುಹೋಗುತ್ತದೆ.

ಸಣ್ಣ ಪ್ರಾಜೆಕ್ಟ್‌ಗೆ ಇದನ್ನು ಇಳಿಸುವುದು ಹೀಗೆ. ಒಬ್ಬರಿಂದ ಒಂದು ಸಮಯಕ್ಕೆ ಎರಡೇ ಪಿಆರ್ ತೆರೆದಿರಬಹುದು. ಮೊದಲನೆಯದು ಮುಗಿಯದೆ ಮೂರನೆಯದು ಇಲ್ಲ. ಹೊಸಬರಿಗೆ ಒಂದೇ. ಎರಡು ತಿಂಗಳಿಗೊಮ್ಮೆ ಒಂದು ವಾರ ಪೂರ್ತಿ ರಿವ್ಯೂ ವಾರ. ಇದರಿಂದ ಯಾರಿಗೂ "ನಿಮ್ಮ ಕೋಡ್ ಬೇಡ" ಅಂದ ಹಾಗಾಗುವುದಿಲ್ಲ. ಯಾವಾಗ ನೋಡುತ್ತಾರೆ ಅಂತ ಗೊತ್ತಾಗುತ್ತದೆ. ಕಾಯುವುದು ಕಷ್ಟವಲ್ಲ, ಎಷ್ಟು ದಿನ ಅಂತ ಗೊತ್ತಿಲ್ಲದೆ ಕಾಯುವುದು ಕಷ್ಟ. ಅಲ್ವಾ?

ಇದರ ಕೊರತೆ ವೇಗ. ತುರ್ತಾದ ಭದ್ರತಾ ತಿದ್ದುಪಡಿ ರಿವ್ಯೂ ವಾರಕ್ಕೆ ಕಾಯುವ ಹಾಗಿಲ್ಲ. ಅದಕ್ಕೆ ಬೇರೆ ದಾರಿ ಇಟ್ಟಿರಬೇಕು.

ಹಂಚಿಕೊಡುವುದು: ಲಿನಕ್ಸ್ ಮಾದರಿ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಒಂದೊಂದು ಬಿಡುಗಡೆಯಲ್ಲೂ ಹತ್ತು ಸಾವಿರಕ್ಕೂ ಮೀರಿ ಬದಲಾವಣೆಗಳು ಬರುತ್ತವೆ. ಒಂಬತ್ತು ಹತ್ತು ವಾರಕ್ಕೊಂದು ಬಿಡುಗಡೆ. ಅದನ್ನು ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಇವನ್ನೆಲ್ಲ ಓದುವುದಿಲ್ಲ, ಓದಲು ಸಾಧ್ಯವೂ ಇಲ್ಲ. ನೆಟ್‌ವರ್ಕಿಂಗ್‌ಗೆ ಕೆಲವರು, ಫೈಲ್ ಸಿಸ್ಟಮ್‌ಗಳಿಗೆ ಇನ್ನು ಕೆಲವರು, ಒಂದೊಂದು ಡ್ರೈವರ್‌ಗೂ ಒಬ್ಬೊಬ್ಬರು ಹೀಗೆ ಹೊಣೆ ಹೊತ್ತವರ ಹೆಸರುಗಳು ಮೇಂಟೇನರ್ಸ್ ಅನ್ನುವ ಕಡತದಲ್ಲಿವೆ. ಪ್ಯಾಚ್ ಮೊದಲು ಅವರಿಗೆ ಹೋಗುತ್ತದೆ. ಅವರು ಆರಿಸಿ ಒಟ್ಟು ಮಾಡಿದ್ದನ್ನು, ಎರಡು ವಾರದ ಮರ್ಜ್ ವಿಂಡೋದಲ್ಲಿ ಲಿನಸ್ ಎಳೆದುಕೊಳ್ಳುತ್ತಾರೆ. ಕೋಡ್‌ಗಿಂತ ಅದನ್ನು ಕಳಿಸಿದ ಮನುಷ್ಯರ ಮೇಲಿನ ನಂಬಿಕೆಯೇ ಅಲ್ಲಿ ಜಾಸ್ತಿ ಕೆಲಸ ಮಾಡುತ್ತದೆ.

ಅವರೂ ಸುಖವಾಗಿ ಇಲ್ಲಿಗೆ ಬರಲಿಲ್ಲ. 1998ರ ಹೊತ್ತಿಗೆ ಪ್ಯಾಚ್‌ಗಳು ಲಿನಸ್ ಕೈಯಲ್ಲಿ ಕಳೆದುಹೋಗುತ್ತಿವೆ ಅಂತ ದೊಡ್ಡ ಜಗಳವೇ ಆಗಿತ್ತು. ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಬೇಕಿತ್ತು. ಆ ಒತ್ತಡದಲ್ಲೇ 2002ರಲ್ಲಿ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಬಿಟ್‌ಕೀಪರ್ ಅನ್ನುವ ಟೂಲ್ ಬಂತು. ಅದರ ಪುಕ್ಕಟೆ ಬಳಕೆ ನಿಂತಾಗ 2005ರಲ್ಲಿ ಅದೇ ಕೆಲಸ ಮಾಡುವ ಗಿಟ್ ಹುಟ್ಟಿತು. ಇವತ್ತು ನಾವೆಲ್ಲ ಬಳಸುವ ಗಿಟ್, ಮೂಲದಲ್ಲಿ ಒಬ್ಬ ಮೇಂಟೇನರ್ ಮೇಲಿನ ಹೊರೆ ಹಂಚಲು ಮಾಡಿದ್ದು.

ನಿಮಗೆ ಇದು ಹೊಂದುತ್ತದೆಯೇ? ಎರಡು ಷರತ್ತು. ಕೋಡ್ ಒಂದಕ್ಕೊಂದು ಅಂಟದ ಭಾಗಗಳಾಗಿ ಒಡೆದಿರಬೇಕು, ಆ ಒಂದೊಂದು ಭಾಗಕ್ಕೂ ಎರಡು ವರ್ಷ ನಿಲ್ಲುವ ಒಬ್ಬರು ಬೇಕು. ಎರಡನೆಯದೇ ಕಷ್ಟ. ಕಂಪನಿ ಸಂಬಳ ಕೊಡುವ ಕರ್ನಲ್‌ನಲ್ಲೇ ಎಷ್ಟೋ ಭಾಗಗಳ ಮೇಂಟೇನರ್‌ಗಳು ಕೆಲಸ ಹೆಚ್ಚಾಗಿ ಬಳಲುತ್ತಾರೆ. ಸಣ್ಣ ಪ್ರಮಾಣದಲ್ಲಿ ಮಾಡುವುದಾದರೆ ಗಿಟ್‌ಹಬ್‌ನ ಕೋಡ್‌ಓನರ್ಸ್ ಕಡತ ಸಾಕು. ಯಾವ ಫೋಲ್ಡರ್‌ಗೆ ಯಾರು ಅಂತ ಬರೆದಿಟ್ಟರೆ ಪಿಆರ್ ಬಂದ ಕೂಡಲೇ ಅವರಿಗೆ ಸುದ್ದಿ ಹೋಗುತ್ತದೆ.

ನಂಬಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಎಕ್ಸ್‌ಜಡ್ ಅನ್ನುವ, ಕಡತಗಳ ಗಾತ್ರ ಕುಗ್ಗಿಸುವ ಲೈಬ್ರರಿಯನ್ನು ಬಹುತೇಕ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಹೊಸಬರಿಗೆ ಹಕ್ಕು ಕೊಡಿ ಅಂತ ಅವರ ಮೇಲೆ ಒತ್ತಡ ಬಂತು. ವರ್ಷಗಟ್ಟಲೆ ಒಳ್ಳೆಯ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿದ, ಜಿಯಾ ಟಾನ್ ಅನ್ನುವ ಹೆಸರಿನ ಖಾತೆಗೆ ಆ ಹಕ್ಕು ಸಿಕ್ಕಿತು. 2024ರ ಆರಂಭದ ಬಿಡುಗಡೆಗಳಲ್ಲಿ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು ಸೇರಿಕೊಂಡಿತ್ತು. ದೂರದ ಸರ್ವರ್‌ಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಗಮನಿಸಿ, ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಅವರ ಕಣ್ಣಿಗೆ ಬೀಳದಿದ್ದರೆ ಅದು ಜಗತ್ತಿನ ಎಷ್ಟೋ ಲಿನಕ್ಸ್ ಸರ್ವರ್‌ಗಳಿಗೆ ಹೋಗಬಹುದಿತ್ತು. ಸುಸ್ತಾಗಿರುವಾಗ ಯಾರಿಗೂ ಕೀಲಿ ಕೊಡಬೇಡಿ. ಮೊದಲು ರಿವ್ಯೂ ಮಾಡುವ ಹಕ್ಕು, ಆಮೇಲೆ ಮರ್ಜ್, ಬಿಡುಗಡೆ ಮಾಡುವ ಹಕ್ಕು ಕಟ್ಟಕಡೆಗೆ.

ಬಾಟ್‌ಗಳು

ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ನಡೆಸಲು ಬಳಸುವ ಕುಬರ್ನೆಟೀಸ್ ಅನ್ನುವ ದೊಡ್ಡ ಪ್ರಾಜೆಕ್ಟ್‌ನಲ್ಲಿ ಬಾಟ್ ಇಲ್ಲದೆ ಒಂದು ಪಿಆರ್ ಕೂಡ ಅಲ್ಲಾಡುವುದಿಲ್ಲ. ಓದಿದವರು ಸರಿಯಿದೆ ಅಂತ ಒಂದು ಆಜ್ಞೆ ಬರೆಯುತ್ತಾರೆ, ಆ ಫೋಲ್ಡರಿನ ಹೊಣೆಗಾರರು ಒಪ್ಪಿಗೆಯ ಇನ್ನೊಂದು ಆಜ್ಞೆ ಬರೆಯುತ್ತಾರೆ, ಎರಡೂ ಬಿದ್ದ ಮೇಲೆ ಮರ್ಜ್. 90 ದಿನ ಯಾರೂ ಮಾತಾಡದಿದ್ದರೆ ಹಳತು ಅಂತ ಗುರುತು, ಮತ್ತೆ 30 ದಿನಕ್ಕೆ ಕೊಳೆತದ್ದು ಅಂತ ಗುರುತು, ಇನ್ನೂ 30 ದಿನಕ್ಕೆ ಮುಚ್ಚುವುದು. ರಸ್ಟ್ ಪ್ರೋಗ್ರಾಮಿಂಗ್ ಭಾಷೆಯವರ ಬಾಟ್, ಮರ್ಜ್ ಆದ ಮೇಲೆ ಕೋಡ್ ಹೇಗಿರುತ್ತದೋ ಅದನ್ನೇ ಮೊದಲು ಟೆಸ್ಟ್ ಮಾಡುತ್ತದೆ, ಪಾಸಾದರೆ ಮಾತ್ರ ಒಳಗೆ ಬಿಡುತ್ತದೆ.

ಶೈಲಿ ನೋಡಲು, ಟೆಸ್ಟ್ ಓಡಿಸಲು, ವಿವರಣೆ ಖಾಲಿ ಬಿಟ್ಟವರಿಗೆ ಜ್ಞಾಪಿಸಲು ಬಾಟ್ ಇಟ್ಟುಕೊಳ್ಳಿ. ತಾನಾಗಿ ಮುಚ್ಚುವ ಬಾಟ್ ಮಾತ್ರ ಸಣ್ಣ ಪ್ರಾಜೆಕ್ಟ್‌ಗೆ ಬೇಡ ಅಂತೀನಿ. ನೀವು ನೋಡದೆ ಬಿಟ್ಟದ್ದಕ್ಕೆ ಕಳಿಸಿದವರಿಗೆ ಶಿಕ್ಷೆ ಆದ ಹಾಗಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕನ್ನಡದ ಟೂಲ್ ನಡೆಸುವವರು ಬಾಗಿಲು ಹಾಕಬೇಡಿ. ಮೊದಲು ಮಾತು ಅನ್ನುವ ನಿಯಮ, ಒಬ್ಬರಿಗೆ ಒಂದೆರಡು ಪಿಆರ್ ಮಿತಿ, ಇವೆರಡನ್ನೂ ಈ ವಾರವೇ ತನ್ನಿ. ಪದಪಟ್ಟಿಯ ಪಿಆರ್‌ಗಳನ್ನು ಕೋಡ್‌ನಿಂದ ಬೇರೆ ಮಾಡಿ. ಅವನ್ನು ಓದಲು ಪ್ರೋಗ್ರಾಮರ್ ಬೇಕಿಲ್ಲ, ನಿವೃತ್ತ ಕನ್ನಡ ಮೇಡಂ ಒಬ್ಬರು ಸಾಕು. ಮೈಸೂರಿನಲ್ಲಿ ಅಂಥವರಿಗೇನು ಬರವಿಲ್ಲ, ನಾವು ಹೋಗಿ ಕೇಳಿಲ್ಲ ಅಷ್ಟೇ. ಆ ಕಾಣದ ಗುರುತಿಗೆ ಒಂದು ಟೆಸ್ಟ್ ಕೂಡ ಬರೆದಿಡಿ.

ರಾತ್ರಿ ಕೂತು ಲೈಬ್ರರಿ ನೋಡಿಕೊಳ್ಳುವವರ ಪರಿಸ್ಥಿತಿ ಬೇರೆ. ನಿಮ್ಮ ಲೈಬ್ರರಿಯನ್ನು ಕಂಪನಿಗಳು ಬಳಸುತ್ತಿದ್ದರೆ ತಪ್ಪಿನ ಬೆಲೆ ದೊಡ್ಡದು, ಹೊಸ ಫೀಚರ್‌ಗಳ ಅಗತ್ಯ ಚಿಕ್ಕದು. ಆರು ತಿಂಗಳು ಹೊಸ ಫೀಚರ್ ಪಿಆರ್ ತೆಗೆದುಕೊಳ್ಳುವುದಿಲ್ಲ, ದೋಷ ತಿದ್ದಿದ್ದನ್ನು ಮಾತ್ರ ನೋಡುತ್ತೇನೆ ಅಂತ ಹೇಳಿಬಿಡಿ. ಆ ಹೊತ್ತಿನಲ್ಲಿ ಇನ್ನೊಬ್ಬ ರಿವ್ಯೂ ಮಾಡುವವರನ್ನು ಬೆಳೆಸಿ. ದುಡ್ಡಿನ ದಾರಿಯನ್ನೂ ನೋಡಿ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ 2024ರಲ್ಲಿ ಶುರು ಮಾಡಿದ ಫ್ಲಾಸ್ ಫಂಡ್, ಪ್ರಾಜೆಕ್ಟ್‌ಗಳಿಗೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ ಕೊಡುತ್ತದೆ. ಸಣ್ಣ ಪ್ರಾಜೆಕ್ಟ್‌ಗಳಿಗೆ ಫಾಸ್ ಯುನೈಟೆಡ್ ಸಂಸ್ಥೆಯ ಅನುದಾನವೂ ಇದೆ. ಸಿಕ್ಕರೆ ಹೊಸ ಫೀಚರ್‌ಗೆ ಸುರಿಯಬೇಡಿ, ಓದುವವರಿಗೆ ಕೊಡಿ.

ಕಾಲೇಜಿನ ಮೇಷ್ಟ್ರಿಗೆ ಪೋಸ್ಟ್‌ಗ್ರೆಸ್ ಪದ್ಧತಿಯೇ ಚೆನ್ನ. "ಸಾರ್, ಮರ್ಜ್ ಮಾಡ್ಬಿಡಿ, ಪ್ಲೇಸ್‌ಮೆಂಟ್‌ನಲ್ಲಿ ತೋರಿಸ್ಬೇಕು" ಅಂತ ಬರುವ ಹುಡುಗರಿಗೆ, ಮೊದಲು ಇನ್ನೊಬ್ಬರದ್ದನ್ನು ಓದಿ ಬರೆದುಕೊಂಡು ಬನ್ನಿ ಅನ್ನಿ. ಇಂಟರ್ವ್ಯೂನಲ್ಲಿ ಮರ್ಜ್ ಆದ ಒಂದು ಸಾಲಿಗಿಂತ, ಬೇರೆಯವರ ಕೋಡ್‌ನಲ್ಲಿ ತಪ್ಪು ಹಿಡಿದು ವಿವರಿಸಿದ್ದು ಹೆಚ್ಚು ತೂಗುತ್ತದೆ. ಮೂರನೇ ವರ್ಷದವರಿಗೆ ಫೋಲ್ಡರ್‌ಗಳ ಹೊಣೆ ಹಂಚಿ. ಆದರೆ ಅವರು ಪಾಸಾಗಿ ಹೋಗುತ್ತಾರೆ ಅನ್ನುವುದು ನೆನಪಿರಲಿ. ಎರಡನೇ ವರ್ಷದವರೊಬ್ಬರು ಪ್ರತಿ ಹೊಣೆಯ ಜೊತೆಗಿರಲಿ.

ಈಗಾಗಲೇ ಬಿದ್ದಿರುವ ರಾಶಿಗೆ ಒಂದು ಮಾತು. ಹೊಸ ನಿಯಮ ಪ್ರಕಟಿಸಿದ ದಿನವೇ ಹಳೆಯದನ್ನೆಲ್ಲ ಒಟ್ಟಿಗೆ ಮುಚ್ಚಬೇಡಿ. ಕಾನ್‌ಫ್ಲಿಕ್ಟ್ ಇರುವುದು, ಟೆಸ್ಟ್ ಫೇಲ್ ಆದದ್ದು, ಬರೀ ರೀಡ್‌ಮಿ ಮುಟ್ಟಿದ್ದು ಅಂತ ಮೊದಲು ಬೇರೆ ಮಾಡಿ. ಉಳಿದವುಗಳಲ್ಲಿ ಮೊದಲ ಸಲ ಕಳಿಸಿದವರದ್ದನ್ನು ಮೊದಲು ಓದಿ. ಮುಚ್ಚುವಾಗ ಹೀಗೆ ಬರೆದರೆ ಸಾಕು: "ಇದನ್ನು ಓದಲು ನಮ್ಮಲ್ಲಿ ಈಗ ಜನ ಇಲ್ಲ, ಅದಕ್ಕೆ ಮುಚ್ಚುತ್ತಿದ್ದೇವೆ. ನಿಮ್ಮ ಕೋಡ್ ಕೆಟ್ಟದು ಅಂತ ಅಲ್ಲ. ಇನ್ನೂ ಬೇಕು ಅನಿಸಿದರೆ ಚರ್ಚೆಯಲ್ಲಿ ಒಂದು ಸಾಲು ಬರೆಯಿರಿ, ಮುಂದಿನ ರಿವ್ಯೂ ವಾರದಲ್ಲಿ ತೆಗೆದುಕೊಳ್ಳುತ್ತೇವೆ." ಆಮೇಲೆ ಆ ವಾರದ ತಾರೀಖನ್ನೂ ಹಾಕಿ.